ಕೆರೆಯ ದಂಡೆಯೂ ನಮಗೆ ಕಡಲ ದಂಡೆಯೇ

(ಶಲವಡಿಯಲ್ಲಿ ಶಾಲಾ ಪರಿಸರ ಸಂಘದ ಮಕ್ಕಳು, ಶಿಕ್ಷಕರು ಹಾಗೂ ಸ್ವಸಹಾಯ ಸಂಘದ ತಾಯಂದಿರು ಸೇರಿದ್ದ ಸಭೆಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ "ಕರಾವಳಿಯ ಪರಿಸರ ಮತ್ತು ವಿದ್ಯಾರ್ಥಿಗಳು". ಇದನ್ನು ಹಲಗೆಯ ಮೇಲೆ ಬರೆದ ಕೂಡಲೇ ಹಿಂದಿನ ಸಾಲಿನ ಹುಡುಗರು ನಕ್ಕರು. ನಗಬೇಕಾದದ್ದೇ. ಕಣ್ಣು ಹಾಯುವವರೆಗೆ ಎರಿ ಹೊಲ, ಹೆಸರು, ಕಡಲಿ, ಬಿಳಿಜೋಳ, ಉಳ್ಳಾಗಡ್ಡಿ. ಇಲ್ಲಿ ಎಲ್ಲೈತಿ ಸಮುದ್ರ? ಹುಬ್ಬಳ್ಳಿ ಹಾದು ಅಂಕೋಲೆಗೆ ಹೋದರೆ ಸುಮಾರು ಇನ್ನೂರು ಕಿಲೋಮೀಟರ್ ಆಚೆ. ಹಾಗಾದರೆ ಈ ಪಾಠ ಶಲವಡಿಯ ಮಕ್ಕಳಿಗೆ ಯಾಕೆ ಬೇಕು? ಈ ಪ್ರಶ್ನೆಯಿಂದಲೇ ನಾವು ಮಾತು ಶುರು ಮಾಡೋಣ.

ಒಂದು ಜಿಲ್ಲೆ, ಎರಡು ಸಮುದ್ರ

ಮಕ್ಕಳೇ, ನಮ್ಮ ಧಾರವಾಡ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಬಿಚ್ಚಿ ನೋಡಿರಿ. ಗೋಡೆಯ ಮೇಲೆ ತೂಗು ಹಾಕಿದ್ದರೂ ಅದನ್ನು ಇಳಿಸಿ, ನೆಲದ ಮೇಲೆ ಹಾಸಿ, ಬೆರಳಿಟ್ಟು ನೋಡಿರಿ. ಜಿಲ್ಲೆಯ ಪಶ್ಚಿಮಕ್ಕೆ ಕಲಘಟಗಿ. ಅಲ್ಲಿ ಬೇಡ್ತಿ ಹಳ್ಳ ಹರಿಯುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಅದನ್ನು ಕೂಡಿಕೊಳ್ಳುತ್ತದೆ. ಆ ನೀರು ಯಲ್ಲಾಪುರದ ಕಾಡಿನಲ್ಲಿ ಮಾಗೋಡ ಜಲಪಾತವಾಗಿ ಧುಮುಕಿ, ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ.

ಈಗ ಬೆರಳನ್ನು ನಮ್ಮ ಕಡೆ ತನ್ನಿರಿ. ಶಿಗ್ಗಾವಿ ತಾಲೂಕಿನ ದುಂಡಸಿ ಕಡೆ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಯನ್ನು ಹಾದು ಬರುತ್ತದೆ. ತುಪ್ಪರಿಹಳ್ಳ ಬಂದು ಅದಕ್ಕೆ ಕೂಡುತ್ತದೆ. ಯಮನೂರ ಜಾತ್ರೆಗೆ ಹೋದಾಗ ನೀವು ಕಾಲು ತೊಳೆಯುವುದು ಇದೇ ಬೆಣ್ಣಿಹಳ್ಳದಲ್ಲಿ. ಅದು ರೋಣದ ಕಡೆ ಹೋಗಿ ಮಲಪ್ರಭೆಯನ್ನು ಸೇರುತ್ತದೆ. ಮಲಪ್ರಭೆ ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯಾಗುತ್ತಾಳೆ. ಕೃಷ್ಣೆ ರಾಯಚೂರು, ಶ್ರೀಶೈಲ, ವಿಜಯವಾಡ ದಾಟಿ, ಆಂಧ್ರದ ಹಂಸಲದೀವಿ ಎಂಬಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತಾಳೆ.

ಅಂದರೆ ಏನಾಯಿತು? ಹತ್ತಿರದ ಸಮುದ್ರ ಪಶ್ಚಿಮಕ್ಕಿದೆ, ಆದರೆ ನಮ್ಮ ಹೊಲದ ನೀರು ಹೋಗುವುದು ಪೂರ್ವದ ಸಮುದ್ರಕ್ಕೆ. ಕಲಘಟಗಿಯ ಮಕ್ಕಳದು ಒಂದು ಸಮುದ್ರ, ನಿಮ್ಮದು ಇನ್ನೊಂದು. ಜಿಲ್ಲೆ ಒಂದೇ, ಸಮುದ್ರ ಎರಡು. ಹೊಲದ ಬದುವಿನ ಮೇಲೆ ಬಿದ್ದ ಒಂದು ಗುಟಕಾ ಚೀಟಿ ಎಲ್ಲೋ ಒಂದು ಅಣೆಕಟ್ಟಿನಲ್ಲಿ ಸಿಕ್ಕಿಕೊಂಡು ನಿಲ್ಲಬಹುದು. ಆದರೆ ನೀರಿನಲ್ಲಿ ಕರಗಿದ್ದು ಅಣೆಕಟ್ಟಿಗೆ ನಿಲ್ಲುವುದಿಲ್ಲ. ಉಪ್ಪು, ಗೊಬ್ಬರ, ಬೆಳೆಗೆ ಹೊಡೆದ ಎಣ್ಣಿ, ಇವು ನೀರಿನ ಜೊತೆಗೇ ನಡೆಯುತ್ತವೆ. ಹಂಸಲದೀವಿಯ ಸುತ್ತ ಮ್ಯಾಂಗ್ರೋವ್ ಕಾಡಿದೆ, ಆ ದಂಡೆಗೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಆ ಆಮೆಗೆ ಶಲವಡಿ ಗೊತ್ತಿಲ್ಲ, ಆದರೆ ಶಲವಡಿಯ ನೀರು ಗೊತ್ತು.

ಕರಾವಳಿಯಿಂದ ಏನು ಕಲಿಯಬಹುದು?

ಪ್ರತಿವರ್ಷ ಶೈಕ್ಷಣಿಕ ಪ್ರವಾಸದಲ್ಲಿ ನಿಮ್ಮಲ್ಲಿ ಕೆಲವರು ಗೋಕರ್ಣ, ಮುರುಡೇಶ್ವರ, ಕಾರವಾರ ನೋಡಿ ಬರುತ್ತೀರಿ. ತೆರೆಯಲ್ಲಿ ಆಡುತ್ತೀರಿ, ಚಿಪ್ಪು ಆರಿಸುತ್ತೀರಿ, ಕುರಕುರೆ ತಿಂದು ಚೀಟಿ ಅಲ್ಲೇ ಬಿಟ್ಟು ಬರುತ್ತೀರಿ. ಮುಂದಿನ ಸಲ ಹೋದಾಗ ಮೂರು ಸಂಗತಿಗಳನ್ನು ನೋಡಿ ಬರ್ರಿ.

ಮೊದಲನೆಯದು ಅಘನಾಶಿನಿ ಹೊಳೆಯ ಅಳಿವೆ. ಅಳಿವೆ ಅಂದರೆ ಸಿಹಿನೀರು, ಉಪ್ಪುನೀರು ಕೂಡುವ ಜಾಗ. ಶಿರಸಿ ಕಡೆ ಹುಟ್ಟಿ ಕುಮಟಾದ ಬಳಿ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಅದರ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಸಿಗುತ್ತದೆ. ಇಳಿತದ ಹೊತ್ತಿಗೆ ಹೆಣ್ಣುಮಕ್ಕಳು ನೀರಿಗಿಳಿದು ಅದನ್ನು ಆರಿಸಿ ತಂದು ಸಂಸಾರ ನಡೆಸುತ್ತಾರೆ. ಬಳಚು ನೀರನ್ನು ಸೋಸಿ ಅದರಲ್ಲಿಯ ಆಹಾರ ತಿನ್ನುವ ಪ್ರಾಣಿ. ನೀರು ಕೆಟ್ಟರೆ ಮೊದಲು ಪೆಟ್ಟು ಬೀಳುವುದು ಅದಕ್ಕೆ, ಆಮೇಲೆ ಆ ತಾಯಂದಿರ ಒಲೆಗೆ. ಅದೇ ಸೀಮೆಯಲ್ಲಿ ಉಪ್ಪುನೀರು ಏರಿ ಬಂದರೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತವಿದೆ. ಸಾಣಿಕಟ್ಟೆಯಲ್ಲಿ ಉಪ್ಪಿನಾಗರವಿದೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಎಂದು ಘೋಷಿಸಲಾಯಿತು.

ಎರಡನೆಯದು ಕಾಂಡ್ಲಾ ಗಿಡ, ಅದೇ ಮ್ಯಾಂಗ್ರೋವ್. ಉಪ್ಪುನೀರಿನ ಕೆಸರಿನಲ್ಲಿ ಬೇರೂರಿ ನಿಲ್ಲುವ ಗಿಡ ಇದು. ಕೆಸರಿನೊಳಗೆ ಗಾಳಿ ಇಲ್ಲದ್ದಕ್ಕೆ ಕೆಲವು ಜಾತಿಗಳ ಬೇರುಗಳು ಮೇಲೆ ಎದ್ದು ಉಸಿರಾಡುತ್ತವೆ. ಅದರ ಬೇರಿನ ಸಂದಿಯಲ್ಲಿ ಮೀನು, ಸೀಗಡಿಗಳ ಮರಿಗಳು ಬೆಳೆಯುತ್ತವೆ. ತೆರೆಯ ಹೊಡೆತವನ್ನು ಅದು ತಡೆಯುತ್ತದೆ. ಯಾರೋ ಅದನ್ನು ಕಸದ ಗಿಡ ಎಂದು ಕಡಿದರೆ ಮೀನುಗಾರನ ಬಲೆ ಬರಿದಾಗುತ್ತದೆ.

ಮೂರನೆಯದು ಆಲಿವ್ ರಿಡ್ಲೆ ಎಂಬ ಕಡಲಾಮೆ. ಉತ್ತರ ಕನ್ನಡದ ಹೊನ್ನಾವರ ಮೊದಲಾದ ಕಡೆ ಅದು ರಾತ್ರಿ ದಂಡೆಗೆ ಬಂದು, ಮರಳು ತೋಡಿ, ನೂರರ ಸುಮಾರು ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಅಲ್ಲಿಯವರೆಗೆ ಮೀನುಗಾರರು, ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಮರಿಗಳು ಬೆಳಕಿನ ಕಡೆ ಹೊರಡುತ್ತವೆ. ಸಮುದ್ರದ ಹೊಳಪು ಅವುಗಳಿಗೆ ದಾರಿ. ದಂಡೆಯ ಮೇಲೆ ದೊಡ್ಡ ದೀಪ ಹಾಕಿದರೆ ಪಾಪ ಆ ಮರಿಗಳು ರಸ್ತೆಯ ಕಡೆ ನಡೆಯುತ್ತವೆ.

ಈ ಮೂರರಿಂದ ಕಲಿಯುವ ಪಾಠ ಒಂದೇ. ಕಾಪಾಡುವುದಕ್ಕಿಂತ ಮೊದಲು ನೋಡಬೇಕು. ದೀಪ ಆಮೆಯನ್ನು ಕೊಲ್ಲುತ್ತದೆಂದು ನೋಡದೆ ತಿಳಿಯುವುದಿಲ್ಲ. ಕಾಂಡ್ಲಾ ಮೀನಿನ ತೊಟ್ಟಿಲು ಎಂದು ನೋಡದೆ ತಿಳಿಯುವುದಿಲ್ಲ. ನೋಡದೆ ಪೊರಕೆ ಹಿಡಿದು ಹೊರಟರೆ ಅದು ಫೋಟೊ ತೆಗೆಸುವ ಕಾರ್ಯಕ್ರಮ ಆಗುತ್ತದೆ, ಪರಿಸರದ ಕೆಲಸ ಆಗುವುದಿಲ್ಲ.

ನಮ್ಮ ದಂಡೆ ಯಾವುದು?

ಈಗ ನಮ್ಮ ಊರಿಗೆ ಬರೋಣ. ಕರಾವಳಿಯವರಿಗೆ ಸಮುದ್ರದ ದಂಡೆ ಇದ್ದ ಹಾಗೆ ನಮಗೆ ಹಳ್ಳದ ದಂಡೆ, ಕೆರೆಯ ದಂಡೆ. ಉಪ್ಪುನೀರಿನ ಪಾಠವನ್ನಂತೂ ನಮಗೆ ಕರಾವಳಿಯವರು ಹೇಳಬೇಕಾಗಿಲ್ಲ. ನವಲಗುಂದ-ಅಣ್ಣಿಗೇರಿ ಸೀಮೆಯಲ್ಲಿ ಬಾವಿ ತೋಡಿದರೆ ಬಹಳ ಕಡೆ ಬರುವುದು ಸವಳು ನೀರೇ. ಯಾಕೆ? ಎರಿ ಮಣ್ಣು ಜಿಗುಟು. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಬೇಗ ಬಿಡುವುದಿಲ್ಲ. ಮಳೆ ಕಡಿಮೆ, ಬಿಸಿಲು ಜಾಸ್ತಿ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಕಾಲುವೆಯ ನೀರನ್ನು ಬಸಿಗಾಲುವೆ ಇಲ್ಲದೆ ವಿಪರೀತ ಬಿಟ್ಟ ಹೊಲದಲ್ಲಿ ಸವಳು-ಜವಳು ಎರಡೂ ಬರುತ್ತವೆ. ಬಿಳಿ ಉಪ್ಪು ಮೇಲೆದ್ದ ಹೊಲವನ್ನು ನಿಮ್ಮ ಅಪ್ಪ, ಕಾಕಾ ತೋರಿಸಿಯಾರು, ಕೇಳಿ ನೋಡ್ರಿ.

ಇದಕ್ಕಾಗಿಯೇ ನಮ್ಮ ಹಿರಿಯರು ಕುಡಿಯುವ ನೀರಿಗೆ ಬಾವಿಯನ್ನು ನಂಬದೆ ಕೆರೆಯನ್ನು ನಂಬಿದರು. ಮಳೆಯ ಸಿಹಿನೀರನ್ನು ನೆಲದ ಮೇಲೆಯೇ ಹಿಡಿದಿಟ್ಟರು. ನವಲಗುಂದದ ನೀಲಮ್ಮನ ಕೆರೆಯಂಥ ಕೆರೆಗಳು ಒಂದು ಊರಿನ ಜೀವ. ಆ ಕೆರೆಗಳಿಗೆ ಕಟ್ಟುಪಾಡು ಇತ್ತು. ಚಪ್ಪಲಿ ಮೆಟ್ಟಿಕೊಂಡು ಇಳಿಯುವ ಹಾಗಿಲ್ಲ, ಬಟ್ಟೆ ಒಗೆಯುವ ಹಾಗಿಲ್ಲ, ದನಕ್ಕೆ ಬೇರೆ ಹೊಂಡ. ಬ್ಯಾಸಗಿಯಲ್ಲಿ ನೀರು ತಳ ಕಂಡಾಗ ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಕೆರೆಯೂ ಆಳವಾಯಿತು, ಹೊಲವೂ ಹದವಾಯಿತು.

ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಆಯಿತು, ಬಲದಂಡೆ ಕಾಲುವೆಯ ನೀರು ಈ ಸೀಮೆಗೆ ಬಂತು, ಕಾಲುವೆಯಿಂದ ಕೆರೆ ತುಂಬಿಸುವ ಪದ್ಧತಿ ಬಂತು. ಆಮೇಲೆ ನಳ ಬಂತು. ಆಮೇಲೆ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕ ಬಂತು. ಇವೆಲ್ಲ ಬೇಡ ಎಂದು ನಾವು ಹೇಳುವುದಿಲ್ಲ. ಕೊಡ ಹೊತ್ತು ಸೊಂಟ ಬಿದ್ದ ತಾಯಂದಿರಿಗೆ ನಳದ ಬೆಲೆ ಗೊತ್ತು. ಆದರೆ ನಳ ಬಂದ ಮೇಲೆ ನಾವು ಕೆರೆಗೆ ಬೆನ್ನು ತಿರುಗಿಸಿದೆವು. ನಳದಲ್ಲಿ ಬರುವ ನೀರೂ ಎಲ್ಲೋ ಒಂದು ಕೆರೆಯದೇ, ಹೊಳೆಯದೇ ಎಂಬುದು ಮರೆಯಿತು.

ನಮ್ಮ ಸೀಮೆಯ ಜನ ನೀರಿಗಾಗಿ ಹೋರಾಡಿದವರು. 1980ರ ರೈತ ಬಂಡಾಯ ನಡೆದದ್ದು ಇದೇ ನವಲಗುಂದ, ನರಗುಂದದಲ್ಲಿ. ಮಹದಾಯಿಗಾಗಿ 2015ರಿಂದ ಬಿಸಿಲು-ಮಳೆ ಎನ್ನದೆ ಧರಣಿ ಕೂತವರು ನಿಮ್ಮ ಹಿರಿಯರು. 2018ರಲ್ಲಿ ನ್ಯಾಯಮಂಡಳಿಯ ತೀರ್ಪೂ ಬಂತು. ಬರಬೇಕಾದ ನೀರನ್ನು ಕೇಳುವ ಬಾಯಿಗೆ, ಇರುವ ನೀರನ್ನು ಕಾಯುವ ಕೈಯೂ ಇದ್ದರೆ ಬಲ ಹೆಚ್ಚು. ಆ ಕೈ ನಿಮ್ಮದಾಗಲಿ ಎಂಬುದು ನಮ್ಮ ಆಸೆ.

ಮೊದಲು ನೋಡ್ರಿ, ಬರೀರಿ

ಪ್ರತಿ ಶಾಲೆಯ ಪರಿಸರ ಸಂಘ ಒಂದು ದಪ್ಪ ರಿಜಿಸ್ಟರ್ ಇಡಲಿ. ಅದಕ್ಕೆ "ನಮ್ಮೂರ ನೀರಿನ ಪುಸ್ತಕ" ಎಂದು ಹೆಸರು ಕೊಡ್ರಿ. ಅದರಲ್ಲಿ ನಾಲ್ಕು ಭಾಗ.

ಒಂದು, ಮಳೆ. ತಳದಿಂದ ಬಾಯಿಯವರೆಗೆ ಒಂದೇ ಅಗಲದ ಡಬ್ಬಿಯನ್ನು ಬಯಲಲ್ಲಿ ಇಟ್ಟು, ಮಳೆ ನಿಂತ ಮೇಲೆ ಸ್ಕೇಲಿನಿಂದ ಅಳೆಯಿರಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಶಾಲೆಯ ಚಾವಣಿ 10 ಮೀಟರ್ ಉದ್ದ, 10 ಮೀಟರ್ ಅಗಲ ಇದ್ದರೆ 100 ಚದರ ಮೀಟರ್. 10 ಮಿ.ಮೀ. ಮಳೆಯಾದರೆ ಅದರ ಮೇಲೆ 1000 ಲೀಟರ್ ಬಿತ್ತು. ಐದರಲ್ಲಿ ಒಂದು ಪಾಲು ಪೋಲಾದರೂ 800 ಲೀಟರ್, ಅಂದರೆ 15 ಲೀಟರಿನ ಐವತ್ತಕ್ಕೂ ಹೆಚ್ಚು ಕೊಡ. ಗಣಿತದ ಮಾಸ್ತರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಸಿಗಲಿಕ್ಕಿಲ್ಲ.

ಎರಡು, ಕೆರೆಯ ಮಟ್ಟ. ಪಾವಟಿಗೆಗೆ ಬಣ್ಣದಿಂದ ಸಂಖ್ಯೆ ಬರೆಯಿಸಿ, ಪ್ರತಿ ಸೋಮವಾರ ನೀರು ಎಷ್ಟನೆಯ ಪಾವಟಿಗೆಗೆ ಇದೆ ಎಂದು ದೂರದಿಂದಲೇ ನೋಡಿ ಬರೆಯಿರಿ. ವರ್ಷ ತುಂಬಿದಾಗ ಅದು ಊರಿನ ಆಸ್ತಿ. ಪಂಚಾಯತಿಯವರೂ ನಿಮ್ಮನ್ನು ಕೇಳಿಕೊಂಡು ಬಂದಾರು.

ಮೂರು, ನೀರಿನ ಗುಣ. ನೀರು ಪರೀಕ್ಷಿಸುವ ಕಿಟ್ ಅನ್ನು ಗ್ರಾಮ ಪಂಚಾಯತಿಯಲ್ಲಿ ಕೇಳಿರಿ, ವಿಜ್ಞಾನ ಶಿಕ್ಷಕರ ಎದುರಿಗೆ ಪರೀಕ್ಷೆ ಮಾಡಿರಿ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಇನ್ನೊಂದು ಸಣ್ಣ ಬಾಟಲಿ ಬರುತ್ತದೆ. ಅದರಲ್ಲಿ ನೀರು ತುಂಬಿ ಇಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರಿಗೆ ಹೊಲಸು ಸೇರಿದೆ ಎಂದು ತಿಳಿಯಬೇಕು. ಕಣ್ಣಿಗೆ ತಿಳಿಯಾಗಿ ಕಂಡ ನೀರೂ ಕಪ್ಪಾಗಬಹುದು. ಕಣ್ಣು ಮೋಸ ಹೋಗುತ್ತದೆ, ಪರೀಕ್ಷೆ ಹೋಗುವುದಿಲ್ಲ.

ನಾಲ್ಕು, ಹಕ್ಕಿ ಮತ್ತು ಗಿಡ. ಪಕ್ಕದ ಗದಗ ಜಿಲ್ಲೆಯ ಶಿರಹಟ್ಟಿ ಕಡೆ ಮಾಗಡಿ ಕೆರೆ ಇದೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನೇ ಹಾರಿ ದಾಟಿ ಅಲ್ಲಿಗೆ ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಅಘನಾಶಿನಿಯ ಜೊತೆಗೇ 2024ರಲ್ಲಿ ಮಾಗಡಿ ಕೆರೆಯೂ ರಾಮ್ಸಾರ್ ತಾಣವಾಯಿತು. ನೋಡ್ರಿ, ಕಡಲ ಅಳಿವೆಗೆ ಸಿಕ್ಕ ಗೌರವವೇ ನಮ್ಮ ಸೀಮೆಯ ಒಂದು ಹಳ್ಳಿಗೆರೆಗೂ ಸಿಕ್ಕಿತು. ಹಾಗಾದರೆ ನಿಮ್ಮೂರ ಕೆರೆಗೆ ಯಾವ ಹಕ್ಕಿ ಬರುತ್ತದೆ, ಯಾವ ತಿಂಗಳು ಬರುತ್ತದೆ? ನಿಮ್ಮ ಅಜ್ಜನಿಗೆ ಗೊತ್ತಿದ್ದೀತು. ಬರೆದಿಟ್ಟವರು ಯಾರೂ ಇಲ್ಲ. ನೀವು ಬರೀರಿ.

ಕೆರೆ ಯಾರದು?

ಇನ್ನು ಮುಂದೆ ಹೇಳುವುದು ಸ್ವಲ್ಪ ಕಷ್ಟದ ಮಾತು. ಆದರೂ ಹೇಳಲೇಬೇಕು. ನೀರಿನ ಪುಸ್ತಕದಲ್ಲಿ ಊರಿನ ನಕ್ಷೆ ಬರೆಯುವಾಗ ಬರೀ ಕೆರೆ, ಗುಡಿ, ಶಾಲೆ ಬರೆದು ಮುಗಿಸಬೇಡ್ರಿ. ಪ್ರತಿ ಓಣಿಯನ್ನೂ ಬರೆಯಿರಿ. ಯಾವ ಓಣಿಗೆ ನಳ ಇದೆ, ಯಾವ ಓಣಿಗೆ ಇಲ್ಲ? ಯಾವ ಓಣಿಗೆ ನೀರು ಕೊನೆಗೆ ಬರುತ್ತದೆ? ಗಟಾರದ ನೀರು ಯಾರ ಮನೆಯ ಮುಂದೆ ನಿಲ್ಲುತ್ತದೆ? ಹೀಗೆ ಬರೆದಾಗ ಊರು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತದೆ.

ನಮ್ಮ ನಾಡಿನ ಬಹಳ ಕೆರೆಗಳ ಪಾವಟಿಗೆ ಒಂದು ಕಾಲಕ್ಕೆ ಎಲ್ಲರ ಪಾದಕ್ಕೆ ಸಿಗುತ್ತಿರಲಿಲ್ಲ. ಕೆಲವರು ಕೊಡ ಹಿಡಿದು ದೂರ ನಿಂತು, ಯಾರಾದರೂ ದಯೆ ತೋರಿ ನೀರು ಹಾಕಲಿ ಎಂದು ಕಾಯಬೇಕಿತ್ತು. 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಮುಟ್ಟಿದ್ದು ಬಾಯಾರಿಕೆಗಾಗಿ ಮಾತ್ರ ಅಲ್ಲ, ನಾವೂ ಮನುಷ್ಯರು ಎಂದು ಹೇಳಲಿಕ್ಕೆ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಪ್ರಭು ಯೇಸು ಮಟಮಟ ಮಧ್ಯಾಹ್ನ ಬಾವಿಯ ಬಳಿ ಕುಳಿತು, ತಮ್ಮ ಜನ ಮುಟ್ಟದ ಕುಲದ ಸಮಾರಿಯದ ಹೆಣ್ಣುಮಗಳಿಗೆ ಕುಡಿಯಲು ನೀರು ಕೇಳುತ್ತಾರೆ. ಕೊಡುವ ಕೈ ಯಾರದೆಂದು ಅವರು ನೋಡಲಿಲ್ಲ. ಆಕೆಗೇ ಆಶ್ಚರ್ಯವಾಯಿತು.

ಆದ್ದರಿಂದ ಮಕ್ಕಳೇ, ಕೆರೆ ಸ್ವಚ್ಛ ಮಾಡುವ ದಿನ ಪೊರಕೆ ಯಾರ ಕೈಯಲ್ಲಿದೆ, ಫೋಟೊದಲ್ಲಿ ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಿರಿ. ಕಸ ಬಳಿಯುವ ಪಾಳಿ ಯಾವಾಗಲೂ ಒಂದೇ ಓಣಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಬಂದರೆ ಅದು ಪರಿಸರ ರಕ್ಷಣೆ ಅಲ್ಲ, ಹಳೆಯ ಅನ್ಯಾಯಕ್ಕೆ ಹೊಸ ಬಣ್ಣ. ಪಾಳಿಯ ಪಟ್ಟಿ ಗೋಡೆಗೆ ಅಂಟಿಸಿರಿ, ಎಲ್ಲರ ಹೆಸರೂ ಇರಲಿ, ಹಾಜರಿ ಪಟ್ಟಿಯ ಕ್ರಮದಲ್ಲಿ ಇರಲಿ.

ಹೆಣ್ಣುಮಕ್ಕಳ ಲೆಕ್ಕ ಒಂದು ಉಳಿಯಿತು. ಒಂದು ಕೊಡ ನೀರು ತರಲು ಸಾಲಿನಲ್ಲಿ ನಿಲ್ಲುವುದೂ ಸೇರಿ 20 ನಿಮಿಷ ಹಿಡಿಯಿರಿ. ದಿನಕ್ಕೆ ನಾಲ್ಕು ಸಲ ಅಂದರೆ 80 ನಿಮಿಷ. ತಿಂಗಳಿಗೆ 40 ತಾಸು. ಆರು ತಾಸಿನ ಶಾಲೆಯಾದರೆ ಆರು ದಿನಕ್ಕೂ ಹೆಚ್ಚಿನ ಪಾಠ ಆ ಹುಡುಗಿಯ ಕೊಡದಲ್ಲಿ ಮುಳುಗಿತು. ನಿಮ್ಮ ಮನೆಯಲ್ಲಿ ಯಾರು ಎಷ್ಟು ನಿಮಿಷ ನೀರಿಗೆ ಕೊಡುತ್ತಾರೆ ಎಂದು ನಿಜವಾದ ಲೆಕ್ಕ ಬರೆದು ತನ್ನಿರಿ. ಅಣ್ಣ-ತಮ್ಮಂದಿರು ಎಷ್ಟು ನಿಮಿಷ ಎಂಬುದನ್ನೂ ಬರೆಯಿರಿ. ಅಪ್ಪಂದಿರು ಅದನ್ನು ಓದಲಿ.

ಕಾಯುವುದು ಹೇಗೆ?

ಕೆಲವು ಕೆಲಸ ಮಕ್ಕಳದು, ಕೆಲವು ದೊಡ್ಡವರದು. ಇದನ್ನು ಬೆರೆಸಬಾರದು.

ದೊಡ್ಡವರಿಗೆ ನಮ್ಮ ಮೊದಲ ವಿನಂತಿ ಎಣ್ಣಿ ಡಬ್ಬಿಯ ಬಗ್ಗೆ. ಬೆಳೆಗೆ ಎಣ್ಣಿ ಹೊಡೆದ ಪಂಪನ್ನು ಕೆರೆಯಲ್ಲಿ, ಹಳ್ಳದಲ್ಲಿ, ಕೃಷಿಹೊಂಡದಲ್ಲಿ ತೊಳೆಯಬೇಡ್ರಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ತೊಳೆದ ನೀರನ್ನೂ ಪಂಪಿಗೇ ಹಾಕಿ ಬೆಳೆಗೆ ಹೊಡೆಯಿರಿ. ಡಬ್ಬಿಯನ್ನು ಮತ್ತೆ ಯಾರೂ ಬಳಸದಂತೆ ತೂತು ಮಾಡ್ರಿ, ಅದರಲ್ಲಿ ನೀರು, ಸೀಮೆಎಣ್ಣೆ ತುಂಬಿಡಬೇಡ್ರಿ. ಮಕ್ಕಳು ಡಬ್ಬಿಯನ್ನು ಮುಟ್ಟಬಾರದು, ದೂರದಿಂದ ಗುರುತು ಹಿಡಿದರೆ ಸಾಕು. ಚೀಟಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ವಿಷ ವಿಷವೇ. ಕೆಂಪು ಗುರುತಿನ ಡಬ್ಬಿ ಕೆರೆಯ ಹತ್ತಿರ ಕಂಡರೆ ಓಡಿ ಬಂದು ಹಿರಿಯರಿಗೆ ಹೇಳ್ರಿ.

ಎರಡನೆಯದು ಹಬ್ಬ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡುವವರು ನೀವು, ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡುವವರು ನೀವು. ಕೆರೆಯ ಮಣ್ಣಿನಿಂದ ಮಾಡಿ, ಪೂಜಿಸಿ, ಮತ್ತೆ ಮಣ್ಣಿಗೇ ಕೂಡಿಸುವ ವಿದ್ಯೆ ಈ ಸೀಮೆಯ ಮಕ್ಕಳ ಬೆರಳಲ್ಲೇ ಇದೆ. ಅದೇ ರೀತಿ ಗಣಪತಿಯೂ ಬಣ್ಣವಿಲ್ಲದ ಮಣ್ಣಿನವನಾಗಲಿ. ಬರೀ ನಿಮಗೆ ಹೇಳಿ ನಾವು ಸುಮ್ಮನಿರುವುದಿಲ್ಲ. ನಮ್ಮ ಕ್ರಿಸ್ಮಸ್ ಗೋದಲಿಗೂ ಥರ್ಮಾಕೋಲ್ ಬೇಡ, ಕಣಕಿ, ಹುಲ್ಲು, ಮಣ್ಣು ಸಾಕು ಎಂದು ನಮ್ಮ ಧರ್ಮಕೇಂದ್ರಗಳಲ್ಲಿ ಹೇಳುತ್ತಲೇ ಇದ್ದೇವೆ.

ಮೂರನೆಯದು ಪ್ಲಾಸ್ಟಿಕ್. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ, 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೂ ಇದೆ. ಕಾನೂನು ಇದ್ದರೂ ಗಾಳಿ ಬೀಸಿದರೆ ಜಾಲಿಗಿಡದ ತುಂಬ ಚೀಲ ಹಾರಾಡುವುದನ್ನು ನೋಡುತ್ತೇವೆ. ಸ್ವಸಹಾಯ ಸಂಘದ ಅಕ್ಕಂದಿರು ಹಳೆಯ ಸೀರೆ, ಪಂಚೆಯಿಂದ ಚೀಲ ಹೊಲಿದು ಸಂತೆಯ ದಿನ ಮಾರಿದರೆ ಎರಡು ಕಾಸೂ ಆಯಿತು, ಕೆರೆಯೂ ಉಳಿಯಿತು.

ಈಗ ಮಕ್ಕಳಿಗೆ ಒಂದು ಕಟ್ಟುನಿಟ್ಟಿನ ಮಾತು. ಪರಿಸರ ಸಂಘದ ಹೆಸರಿನಲ್ಲಿ ಯಾವ ಮಗುವೂ ನೀರಿಗೆ ಇಳಿಯಬಾರದು. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಬಿದ್ದವರಿಗೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ರೈತ ಬಾಂಧವರು ಹೊಂಡದ ಸುತ್ತ ಬೇಲಿ ಹಾಕಲಿ, ಒಂದು ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಲಿ. ಬೆಣ್ಣಿಹಳ್ಳದ ಗುಣ ನಿಮಗೆ ಗೊತ್ತೇ ಇದೆ. ಇಲ್ಲಿ ಒಂದು ಹನಿ ಬೀಳದಿದ್ದರೂ ಮೇಲೆ ಕುಂದಗೋಳ, ಹುಬ್ಬಳ್ಳಿ ಕಡೆ ಮಳೆಯಾದರೆ ಸಾಕು, ಹಳ್ಳ ಬಂದೇ ಬಿಡುತ್ತದೆ. 2009ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ತುಪ್ಪರಿಹಳ್ಳವನ್ನೂ ಕೂಡಿಕೊಂಡು ಬಂತು, ಹೊಲ-ಮನಿ ಎಲ್ಲ ನುಗ್ಗಿತು. ಹರಿಯುವ ಹಳ್ಳವನ್ನು ಮೊಣಕಾಲು ಮಟ್ಟ ಐತಿ ಎಂದು ದಾಟಬೇಡ್ರಿ. ಶಾಲೆ ಒಂದು ದಿನ ತಪ್ಪಿದರೆ ಮಾಸ್ತರು ಬೈಯುವುದಿಲ್ಲ, ಅವರ ಪರವಾಗಿ ನಾವೇ ಹೇಳುತ್ತೇವೆ.

ಬರೆದದ್ದನ್ನು ಯಾರಿಗೆ ತೋರಿಸಬೇಕು?

ಪುಸ್ತಕ ಬರೆದು ಕಪಾಟಿನಲ್ಲಿ ಇಟ್ಟರೆ ಏನು ಬಂತು? ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಆ ದಿನ ಭಾಷಣ, ಹಾಡು ಮುಗಿಸಿ ಚಾಕಲೇಟು ತಗೊಂಡು ಬರಬೇಡ್ರಿ. ನೀರಿನ ಪುಸ್ತಕ ಕೈಯಲ್ಲಿ ಹಿಡಿದು ಎದ್ದು ನಿಲ್ಲಿರಿ. "ಇಂಥ ಓಣಿಗೆ ಇಷ್ಟು ದಿನ ನೀರು ಬಂದಿಲ್ಲ, ಇಂಥ ನಳದ ನೀರಿನ ಬಾಟಲಿ ಕಪ್ಪಾಗಿದೆ, ಕೆರೆಯ ಒಳಹರಿವಿನ ಹತ್ತಿರ ಕಸದ ತಿಪ್ಪೆ ಇದೆ, ಯಾವ ತಾರೀಖಿನೊಳಗೆ ತೆಗೆಸುತ್ತೀರಿ?" ಎಂದು ಮರ್ಯಾದೆಯಿಂದ ಕೇಳಿರಿ. ಪಿಡಿಒ ಅವರು ಕೊಟ್ಟ ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿಕೊಳ್ಳಿರಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದಿಸಿರಿ. ಸಿಟ್ಟು ಬೇಡ, ಘೋಷಣೆ ಬೇಡ. ದಿನಾಂಕ ಹಾಕಿದ ಒಂದು ಸಾಲು ನೂರು ಘೋಷಣೆಗಿಂತ ಹೆಚ್ಚು ಮಾತಾಡುತ್ತದೆ.

ನೀವು ಕೇಳುವುದು ಭಿಕ್ಷೆಯಲ್ಲ. ನಮ್ಮ ಸಂವಿಧಾನದ 51ಎ ವಿಧಿ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ಹೇಳುತ್ತದೆ. 2010ರಲ್ಲಿ ವಿಶ್ವಸಂಸ್ಥೆಯು ಶುದ್ಧ ಕುಡಿಯುವ ನೀರು ಮನುಷ್ಯನ ಹಕ್ಕು ಎಂದು ಒಪ್ಪಿತು. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ "ಲೌದಾತೊ ಸಿ" ಎಂಬ ವಿಶ್ವಪತ್ರದಲ್ಲಿಯೂ ಇದೇ ಮಾತಿದೆ. ಬಡವರಿಗೆ ನೀರು ಸಿಗದಂತೆ ಮಾಡುವುದು ಅವರ ಬದುಕುವ ಹಕ್ಕನ್ನೇ ಕಸಿದಂತೆ ಎಂಬುದು ಅದರ ತಿರುಳು. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಉಳಲಿಕ್ಕೆ ಮತ್ತು ಕಾಯಲಿಕ್ಕೆ. ಉಳುವುದನ್ನು ನಮ್ಮ ಸೀಮೆಯ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಕಾಯುವುದನ್ನು ನಾವೆಲ್ಲ ಕೂಡಿ ಮತ್ತೆ ಕಲಿಯೋಣ.

ಮಕ್ಕಳೇ, ನೀವು ಸಮುದ್ರವನ್ನು ಉಳಿಸಿರಿ ಎಂದು ನಾವು ಕೇಳುವುದಿಲ್ಲ. ಅಷ್ಟು ದೊಡ್ಡ ಭಾರವನ್ನು ಯಾವ ಮಗುವಿನ ತಲೆಯ ಮೇಲೂ ಇಡಬಾರದು. ಬರುವ ಸೋಮವಾರ ಒಂದು ರಿಜಿಸ್ಟರ್ ತಂದು, ಮೊದಲನೆಯ ಪುಟದಲ್ಲಿ ತಾರೀಖು ಹಾಕಿ, ಕೆರೆಯ ನೀರು ಎಷ್ಟನೆಯ ಪಾವಟಿಗೆಗೆ ಇದೆ ಎಂದು ಬರೆಯಿರಿ. ಅಷ್ಟು ಮಾಡಿದರೆ ಇವತ್ತಿನ ನಮ್ಮ ಮಾತು ಸಾರ್ಥಕ. ಮುಂದಿನ ತಿಂಗಳು ನಾವು ಬರುತ್ತೇವೆ, ಆ ಪುಸ್ತಕವನ್ನು ನೀವೇ ನಮಗೆ ಓದಿ ಹೇಳ್ರಿ.

ದೇವರು ನಿಮ್ಮನ್ನೂ, ನಿಮ್ಮ ಹೊಲ-ಮನೆಗಳನ್ನೂ, ಊರ ಕೆರೆಯನ್ನೂ ಆಶೀರ್ವದಿಸಲಿ.

ಗುಂಪಿನಲ್ಲಿ ಚರ್ಚಿಸಲು

1. ನಮ್ಮ ಮನೆಯ ಬಚ್ಚಲ ನೀರು, ಹೊಲದ ಮಳೆನೀರು ಯಾವ ಹಳ್ಳಕ್ಕೆ ಸೇರುತ್ತದೆ?
2. ನಮ್ಮೂರ ಕೆರೆಗೆ ಹಿಂದೆ ಯಾವ ಕಟ್ಟುಪಾಡುಗಳಿದ್ದವು? ಅವುಗಳಲ್ಲಿ ಉಳಿಸಬೇಕಾದವು ಯಾವುವು, ಬಿಡಬೇಕಾದವು ಯಾವುವು?
3. ಊರಿನಲ್ಲಿ ನೀರು ಕೊನೆಗೆ ತಲುಪುವ ಓಣಿ ಯಾವುದು? ಅದಕ್ಕೆ ಕಾರಣವೇನು?
4. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಕೇಳಬೇಕಾದ ಒಂದೇ ಒಂದು ಪ್ರಶ್ನೆ ಯಾವುದು?